ಕಲ್ಲೂ ಬಳ್ಳಿಯೂ

ಗ್ರೀಸ್ ದೇಶದ ಪೆಲೊಪೊನೀಸ್ ಪ್ರಾಂತದಲ್ಲಿ ನೆಮೆಯಾ ಎಂಬ ಕಣಿವೆಯುಂಟು. ಅಲ್ಲಿಯ ಹಳೆಯ ಗ್ರಾಮಕ್ಕೆ ಹೋದವರ ಕಣ್ಣಿಗೆ ಎರಡು ವಸ್ತುಗಳು ಒಟ್ಟಿಗೇ ಬೀಳುವುವು: ಒಂದು, ಸ್ಯೂಸ್ ದೇವನ ಪಾಳುಗುಡಿ, ಇನ್ನೊಂದು, ಅದರ ಸುತ್ತಣ ದ್ರಾಕ್ಷಿಯ ತೋಟಗಳು. ಪೂರ್ವಿಕರ ಸ್ವತ್ತನ್ನು ಕಾಪಾಡುವುದೆಂದರೇನು ಎಂಬ ಪ್ರಶ್ನೆಗೆ ಇವೆರಡೂ ಬೇರೆಬೇರೆ ಉತ್ತರವನ್ನು ಕೊಡುತ್ತವೆ.

ಗುಡಿಯು ಕ್ರಿಸ್ತಪೂರ್ವ 330ರ ಸುಮಾರಿನದು. ಅದರ ಹೊರಸಾಲಿನಲ್ಲಿಯೇ 32 ಕಂಬಗಳಿದ್ದುವು. ಕಾಲಾಂತರದಲ್ಲಿ ಎಲ್ಲವೂ ಉರುಳಿ, ಇಡೀ ಗುಡಿಯಲ್ಲಿ ಮೂರು ಕಂಬಗಳು ಮಾತ್ರ ನಿಂತುವು. ಬಿದ್ದ ಕಲ್ಲುಗಳಲ್ಲಿ ಕೆಲವನ್ನು ಸಮೀಪದಲ್ಲಿ ಕ್ರೈಸ್ತ ದೇವಾಲಯವನ್ನು ಕಟ್ಟಿದವರು ಒಯ್ದರು. 2002ರಲ್ಲಿ ವಿದ್ವಾಂಸರು ಎರಡು ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಅನಂತರ ಇನ್ನು ನಾಲ್ಕನ್ನು. ದೊರೆತ ಹಳೆಯ ಕಲ್ಲನ್ನು ಅದರ ಸ್ಥಾನದಲ್ಲಿಟ್ಟು, ದೊರೆಯದೆಡೆಗೆ ಹೊಸ ಕಲ್ಲನ್ನು ಕಡೆದು ಸೇರಿಸಿದರು. ಹೊಸದು ಹೊಸದೆಂದೇ ಕಾಣುತ್ತದೆ. ಅದನ್ನು ಮರೆಮಾಡಿದ್ದರೆ ಕಂಬವು ಸುಳ್ಳುಸಾಕ್ಷಿಯಾಗುತ್ತಿತ್ತು.

ಬಳ್ಳಿಯ ಧರ್ಮ ಬೇರೆ. ಇಲ್ಲಿ ಬೆಳೆಯುವುದು ಅಯೊರ್ಯಿತಿಕೊ ಎಂಬ ಕಪ್ಪು ದ್ರಾಕ್ಷಿ; ನೆಮೆಯಾ ಎಂಬ ಹೆಸರಿನ ಕೆಂಪು ಮದ್ಯವನ್ನು ಈ ಒಂದು ಜಾತಿಯಿಂದಲೇ ಮಾಡಬೇಕೆಂಬ ನಿಯಮ 1971ರಿಂದ ಇದೆ. ಜಾತಿ ಹಳೆಯದಾದರೂ ಒಕ್ಕಲಿಗನು ಚಳಿಗಾಲದಲ್ಲಿ ಅದರ ಕೊಂಬೆಗಳನ್ನು ನಿರ್ದಾಕ್ಷಿಣ್ಯವಾಗಿ ಸವರುತ್ತಾನೆ. ಕಳೆದ ವರ್ಷದ ಕೊಂಬೆಯನ್ನು ಪೂಜ್ಯವೆಂದು ಮುಟ್ಟದೆ ಬಿಟ್ಟವನಿಗೆ ಫಲವು ಕ್ಷೀಣಿಸುವುದು.

ಇದೇ ಕಣಿವೆಯಲ್ಲಿ ಕ್ರಿಸ್ತಪೂರ್ವ 573ರಲ್ಲಿ ಆರಂಭವಾದ ಪ್ರಸಿದ್ಧ ಕ್ರೀಡೆಗಳಿಗೆ ಆಗ ಗ್ರೀಕರಿಗೆ ಮಾತ್ರ ಪ್ರವೇಶವಿತ್ತು. 1996ರಲ್ಲಿ ಅವನ್ನು ಪುನಃ ನಡೆಸಿದವರು ಹಳೆಯ ಓಟದ ಬಯಲನ್ನು ಉಳಿಸಿಕೊಂಡು, ಆ ಕಟ್ಟನ್ನು ಕಡಿದುಹಾಕಿದರು. ಈಗ ಯಾವ ದೇಶದ ಸ್ತ್ರೀಪುರುಷರೇ ಆಗಲಿ, ಮಕ್ಕಳೇ ಆಗಲಿ ಅಲ್ಲಿ ಬರಿಗಾಲಿನಲ್ಲಿ ಓಡಬಹುದು. ಬಯಲನ್ನು ಕಲ್ಲಿನಂತೆಯೂ ಆಚಾರವನ್ನು ಬಳ್ಳಿಯಂತೆಯೂ ಕಂಡ ವಿವೇಕವಿದು.

ನಾವೆಲ್ಲರೂ ಪಿತ್ರಾರ್ಜಿತವನ್ನು ಪಡೆದವರೇ. ನಡೆದುದನ್ನು ಹೇಳುವ ಸಾಕ್ಷಿ ಯಾವುದೋ ಅದು ಕಲ್ಲು. ಇಂದಿನ ಬಾಳನ್ನು ಪೋಷಿಸತಕ್ಕದ್ದು ಯಾವುದೋ ಅದು ಬಳ್ಳಿ. ನಮ್ಮ ತಪ್ಪು ಇವುಗಳನ್ನು ಅದಲುಬದಲು ಮಾಡುವುದರಲ್ಲಿದೆ. ಹಿರಿಯರ ಕೀರ್ತಿಗಾಗಿ ಇತಿಹಾಸವನ್ನು ತಿದ್ದುತ್ತೇವೆ. ಅವರ ಭಯಕ್ಕಾಗಿ ಮನೆಯ ಕಟ್ಟಳೆಯನ್ನು, ಅದರಿಂದ ಮಗಳೋ ಸೊಸೆಯೋ ನೋಯುತ್ತಿದ್ದರೂ, ತಿದ್ದಲೊಲ್ಲೆವು. ಸವರುವ ಕತ್ತಿ ಬುಡವನ್ನು ಕಡಿಯುವ ಕೊಡಲಿಯಲ್ಲವೆಂಬುದನ್ನು ನೆಮೆಯಾದ ಒಕ್ಕಲಿಗನು ಬಲ್ಲನು. ಅಷ್ಟನ್ನು ನಾವೂ ಕಲಿತರೆ ಹಿರಿಯರ ಋಣ ತೀರೀತು.