ತಂದೆಯ ಹೆಸರಿನ ಸಾಲು

ಪಂಪನನ್ನು ಪಾಠ ಹೇಳುವವರಿಗೆ ಒಂದು ಅಪಾಯವುಂಟು. ಕಾವ್ಯದ ಔದಾರ್ಯವನ್ನು ವಿವರಿಸಿ ವಿವರಿಸಿ, ಅದು ತಮ್ಮದೇ ಔದಾರ್ಯವೆಂದು ಅವರು ನಂಬಿಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನು ಅಸ್ತ್ರಪ್ರದರ್ಶನದ ರಂಗಕ್ಕೆ ಬರುವ ಭಾಗವನ್ನು ಹೇಳುತ್ತಿದ್ದೆ. ಗುರುಗಳು ಅವನ ಹುಟ್ಟಿನ ಮಾತೆತ್ತಿ ಹಂಗಿಸುತ್ತಾರೆ. ದುರ್ಯೋಧನ ಅದನ್ನು ಸಹಿಸದೆ ಅಂಗರಾಜ್ಯದ ಪಟ್ಟ ಕಟ್ಟುತ್ತಾನೆ. ತರಗತಿ ಸದ್ದಿಲ್ಲದೆ ಕೇಳಿತು. ನನಗೂ ನನ್ನ ಮೇಲೆ ಮೆಚ್ಚುಗೆಯಾಯಿತು.

ಅದೇ ಮಧ್ಯಾಹ್ನ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹರಪನಹಳ್ಳಿ ಕಡೆಯ ಹುಡುಗನೊಬ್ಬನ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲು ಖಾಲಿಯಿತ್ತು.

“ಇದೊಂದು ಬಿಟ್ಟಿದ್ದೀಯಲ್ಲಪ್ಪ,” ಎಂದೆ.

“ಅವ್ವನ ಹೆಸರು ಬರ್ದೀನ್ರಿ ಸರ್.”

“ಅದು ಸರಿ, ತಂದೆಯದು?” ಎಂದು ಮತ್ತೆ ಕೇಳಿದೆ, ಹಿಂದೆ ನಿಂತ ಹತ್ತು ಮಂದಿಗೂ ಕೇಳಿಸುವಂತೆ.

ಮೊದಲನೆಯ ಪ್ರಶ್ನೆ ಅಜ್ಞಾನದಿಂದ ಬಂದದ್ದು. ಎರಡನೆಯದಕ್ಕೆ ಆ ನೆಪ ಸಲ್ಲದು; ಅಷ್ಟರಲ್ಲಿ ಅವನ ಮುಖ ಉತ್ತರ ಹೇಳಿಯಾಗಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಇಂತಹ ಖಾಲಿ ಸಾಲಿಗೆ ಅನೇಕ ವೇಳೆ ಒಂದೇ ಅರ್ಥ: ಎಳವೆಯಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಿ, ಹೆಸರು ಹೇಳಿಕೊಳ್ಳದ ತಂದೆ. ಕಾನೂನು ಇರಲಿಲ್ಲವೆನ್ನುವಂತಿಲ್ಲ. ಈ ಭಾಗ ಮದರಾಸು ಪ್ರಾಂತ್ಯದಲ್ಲಿದ್ದಾಗಲೇ, 1947ರಲ್ಲಿ, ದೇವದಾಸಿ ಅರ್ಪಣೆಯನ್ನು ತಡೆಯುವ ಕಾಯಿದೆ ಬಂದಿತ್ತು. 1953ರಲ್ಲಿ ಈ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1982ರಲ್ಲಿ ಕರ್ನಾಟಕವೇ ಒಂದು ಕಾಯಿದೆ ಮಾಡಿತು. ಅದರಲ್ಲಿ ಮಗಳನ್ನು ಅರ್ಪಿಸಿದ ತಂದೆತಾಯಿಗಳಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆ. ಅವಳ ಮನೆಗೆ ಇರುಳಿನಲ್ಲಿ ಬಂದು ಹೋಗುವವನು ಮಾತ್ರ ಊರಿನಲ್ಲಿ ಮರ್ಯಾದಸ್ಥನಾಗಿಯೇ ಉಳಿದ.

1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದ 46 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಲೆಕ್ಕಕ್ಕೆ ಸಿಕ್ಕಿದರು. ಪಿಂಚಣಿ, ಮನೆ, ಸಾಲ ಎಲ್ಲವೂ ಆ ಪಟ್ಟಿಗಳನ್ನು ಹಿಡಿದು ನಡೆದವು. ಎಣಿಸುವವರು ಬಂದ ದಿನ ಗುಳೆ ಹೋಗಿದ್ದವಳ ಗತಿಯೇನು? ಅಂಜಿ ಬಾಗಿಲು ಹಾಕಿಕೊಂಡವಳ ಗತಿಯೇನು? ಅವರ ಮಕ್ಕಳ ಹಸಿವೂ ಉಳಿದವರ ಹಸಿವಿನಂಥದೇ.

ಇನ್ನು ಸರ್ಕಾರದ ಕೈಗಳೋ, ಹಲವು. ತಾಯಿಯ ಪುನರ್ವಸತಿ ಮಹಿಳಾ ಅಭಿವೃದ್ಧಿ ನಿಗಮಕ್ಕೆ, ಮಗುವಿನ ಹಾಸ್ಟೆಲು ಸಮಾಜ ಕಲ್ಯಾಣಕ್ಕೆ, ಪಾಠ ಶಿಕ್ಷಣ ಇಲಾಖೆಗೆ, ಮಗು ಕೂಲಿಗೆ ಹೋದರೆ ಕಾರ್ಮಿಕ ಇಲಾಖೆಗೆ, ಭರತ ಹುಣ್ಣಿಮೆಯಂದು ಉಚ್ಚಂಗಿದುರ್ಗದ ಕಾವಲು ಪೊಲೀಸರಿಗೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಡತಗಳಿಗೆ ಒಳ್ಳೆಯ ಯಾತ್ರೆಯಾಯಿತು! ಇಲಾಖೆಗಳು ಒಂದರೊಡನೊಂದು ಮಾತಾಡಬೇಕೆಂದು ಎಲ್ಲರೂ ಹೇಳುತ್ತಾರೆ. ಅದು ಆಡಳಿತದ ಅನುಕೂಲದ ಮಾತೆಂದು ನಾನೂ ಬಹುಕಾಲ ಎಣಿಸಿದ್ದೆ. ಈಗ ಹಾಗೆ ತೋರುವುದಿಲ್ಲ. ಕಚೇರಿಗಳು ತಮ್ಮೊಳಗೆ ಮಾತಾಡದಿದ್ದರೆ ಆ ಮಾತನ್ನೆಲ್ಲ ಮಗುವೇ ಆಡಬೇಕಾಗುತ್ತದೆ: ಒಂದು ಕಿಟಕಿಯಲ್ಲಿ ಹೇಳಿದ್ದನ್ನು ಮತ್ತೊಂದು ಕಿಟಕಿಯಲ್ಲಿ, ಅಲ್ಲಿ ಹೇಳಿದ್ದನ್ನು ನನ್ನಂಥವನ ಮೇಜಿನೆದುರು.

ಇಂತಹ ಗುರುತೇ ಬೇಡ, ಬಡ ಮಕ್ಕಳೆಲ್ಲರಿಗೂ ಒಂದೇ ನೆರವು ಸಾಕೆಂದು ವಾದಿಸುವ ಸ್ನೇಹಿತರಿದ್ದಾರೆ. ಅವರ ಸದ್ಭಾವನೆಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಒಪ್ಪಲಾರೆ. ಈ ಮಕ್ಕಳಿಗೆ ಹೊಟ್ಟೆಯ ಬಡತನ ಒಂದಾದರೆ, ಊರು ದೂರವಿಟ್ಟದ್ದು ಇನ್ನೊಂದು. ಎರಡನೆಯದನ್ನು ಹೆಸರು ಹಿಡಿದು ಹೇಳದೆ ಸರಿಪಡಿಸಲಾಗದು. ಹೇಳಿದರೆ ಆ ಹೆಸರೇ ಅಂಟಿಕೊಳ್ಳುತ್ತದೆ. “ದೇವದಾಸಿಯ ಮಗ” ಎಂಬ ದಾಖಲೆ ತೋರಿಸಿ ಹಣ ಪಡೆದವನು ಆ ದಾಖಲೆಯನ್ನು ಜೇಬಿನಲ್ಲಿಟ್ಟುಕೊಂಡೇ ತರಗತಿಗೆ ಬರುತ್ತಾನೆ. ಗುರುತು ಇರಲಿ, ಅದನ್ನು ಕಡತ ಹೊರಲಿ. ಹದಿನೆಂಟರ ಹುಡುಗ ಏಕೆ ಹೊರಬೇಕು?

ದುರ್ಯೋಧನನನ್ನು ಹೊಗಳುವಾಗ ಈಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಅವನ ಸ್ನೇಹ ದೊಡ್ಡದು, ಸಂದೇಹವಿಲ್ಲ. ಆದರೆ ರಾಜ್ಯ ಬಂದ ಮೇಲೂ ಕರ್ಣನಿಗೆ ಆ ಮಾತು ತಪ್ಪಲಿಲ್ಲ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಹೊತ್ತಿನಲ್ಲಿಯೂ ದ್ರೋಣ ಅದೇ ಕುಲದ ಮಾತನ್ನು ತೆಗೆಯುತ್ತಾನೆ. ಪಡೆದದ್ದರ ಋಣವನ್ನಂತೂ ಕರ್ಣ ಪ್ರಾಣ ಕೊಟ್ಟು ತೀರಿಸಿದ. ಸರ್ಕಾರದ ವಿದ್ಯಾರ್ಥಿವೇತನವನ್ನು ನಾವು ಕೊಡುವಾಗ, ಅದೇನೋ ನಮ್ಮ ಅಂಗರಾಜ್ಯವೆಂಬ ಠೀವಿ ನಮ್ಮ ಮುಖದಲ್ಲಿರುತ್ತದೆ.

2015ರಲ್ಲಿ ಸುಪ್ರೀಂ ಕೋರ್ಟು, ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಳಾಗಬಹುದೆಂದು ತೀರ್ಪಿತ್ತಿತು. 2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ, ತಾಯಂದಿರ ಜೊತೆಗೆ ಮಕ್ಕಳ ಹಕ್ಕನ್ನೂ ಕೈಗೆತ್ತಿಕೊಂಡಿತು: ಬೇಕೆಂದವರು ತಂದೆಯನ್ನು ಗುರುತಿಸಿಕೊಳ್ಳಬಹುದು, ಬೇಡವೆಂದವರನ್ನು ಆ ಹೆಸರಿಗಾಗಿ ಒತ್ತಾಯಿಸುವಂತಿಲ್ಲ. 1947ರಿಂದ ಲೆಕ್ಕ ಹಾಕಿದರೆ ಎಪ್ಪತ್ತೆಂಟು ವರ್ಷ.

ಆ ಹುಡುಗ ಅಂದು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಒಂದು ವಾರ ತರಗತಿಗೆ ಬರಲಿಲ್ಲ. ಮತ್ತೆ ತಂದಾಗ, ತಂದೆಯ ಹೆಸರಿನ ಸಾಲಿನಲ್ಲಿಯೂ ತಾಯಿಯ ಹೆಸರನ್ನೇ ಬರೆದಿದ್ದ, ದಪ್ಪ ಅಕ್ಷರಗಳಲ್ಲಿ. ನಾನು ರುಜು ಮಾಡಿದೆ. ಗುಮಾಸ್ತರು ಇದು ನಡೆಯುವುದಿಲ್ಲವೆಂದಾರು ಎಂಬ ಭಯವಿತ್ತು. ಅರ್ಜಿಯನ್ನು ಅವನ ಕೈಗೆ ಕೊಡದೆ, ನಾನೇ ಹಿಡಿದುಕೊಂಡು ಹೋಗಿ ಸರತಿಯಲ್ಲಿ ನಿಂತೆ.