ಗಿಳಿಯ ಪಾಲು ಯಾರ ಲೆಕ್ಕಕ್ಕೆ?

ಜೀವದಯೆಯು ಶ್ರಾವಕಧರ್ಮದ ಅಡಿಗಲ್ಲು. ಮಾಳಿಗೆಯ ಮೇಲೆ ಹಿಡಿ ಕಾಳು ಚೆಲ್ಲಿ, ಮಣ್ಣಿನ ತಟ್ಟೆಯಲ್ಲಿ ಹಕ್ಕಿಗಳಿಗೆ ನೀರಿಡುವ ವಾಡಿಕೆಯು ಜೈನ ಕುಟುಂಬಗಳಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಆದರೆ ಅದೇ ಹಕ್ಕಿಯು ಊರಾಚೆಯ ಹೊಲಕ್ಕಿಳಿದಾಗ ಅದರ ಊಟದ ವೆಚ್ಚವನ್ನು ಯಾರು ಭರಿಸುತ್ತಾರೆಂಬುದನ್ನು ವಿಚಾರಿಸುವವರು ವಿರಳ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ಬಲಿತ ತೆಂಗಿನ ಚಿಪ್ಪು ಗಿಳಿಯ ಕೊಕ್ಕಿಗೆ ಬಗ್ಗುವಂಥದಲ್ಲ. ಆದುದರಿಂದ ಕೊಬ್ಬರಿ ವ್ಯಾಪಾರಿಗೆ ಅದರಿಂದ ನಷ್ಟವಿಲ್ಲ. ತೆಂಗು ಅದಕ್ಕೆ ಆಶ್ರಯ ಮಾತ್ರ. ಸುಳಿ ಸತ್ತು ನಿಂತ ಮರದಲ್ಲಿ ಮರಕುಟಿಗ ಕೊರೆದ ಪೊಟರೆಯನ್ನು ಹಿಗ್ಗಿಸಿಕೊಂಡು ಗಿಳಿಯು ಮೊಟ್ಟೆಯಿಡುತ್ತದೆ. ಹೊಟ್ಟೆ ಹೊರೆಯಲು ಹೋಗುವುದು ಜೋಳ, ಮುಸುಕಿನ ಜೋಳ, ಸೂರ್ಯಕಾಂತಿಗಳ ಹೊಲಕ್ಕೆ, ಸೀಬೆ ದಾಳಿಂಬೆಗಳ ತೋಟಕ್ಕೆ. ಸುಮಾರು 120 ಗ್ರಾಂ ತೂಗುವ ಈ ಜೀವಿಯು ತಿನ್ನುವುದು ಅಲ್ಪ. ಆದರೆ ತೆನೆಯನ್ನು ಕಡಿದು ಕೆಡವುವ, ಒಂದು ಹಣ್ಣನ್ನು ಕಚ್ಚಿ ಮತ್ತೊಂದಕ್ಕೆ ಹಾರುವ ಸ್ವಭಾವದಿಂದ ತಿಂದುದಕ್ಕಿಂತ ಹಾಳಾದುದೇ ಹೆಚ್ಚು. ಮರಗಳ ಮಗ್ಗುಲಲ್ಲಿ ಅರ್ಧ ಎಕರೆ ಬಿತ್ತಿದ ಬಡ ರೈತನಿಗೆ ಒಂದು ಹಿಂಡು ಸಾಕು.

ಅಂಥ ರೈತನು ಡಬ್ಬ ಬಡಿದು ಗಿಳಿಗಳನ್ನು ಎಬ್ಬಿಸಿದರೆ ಅದು ಪಾಪವೇ? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧವೆಂಬ ಐದು ಅತಿಚಾರಗಳನ್ನು ಹೇಳಿದೆ. ಹಸಿದ ಹಕ್ಕಿಯನ್ನು ಓಡಿಸುವುದು ಅನ್ನಪಾನನಿರೋಧವೆಂದು ಕೆಲವರು ವಾದಿಸಬಹುದು. ಆದರೆ ಬೇರೆಡೆ ಮೇಯಲು ರೆಕ್ಕೆಯುಳ್ಳ ಸ್ವತಂತ್ರ ಜೀವಿಯ ಅನ್ನವನ್ನು ತಡೆದಂತಾಗುವುದಿಲ್ಲ. ಆ ದೋಷವು ತಟ್ಟುವುದು ತನ್ನ ಅಧೀನದಲ್ಲಿರುವ ಜೀವಿಯನ್ನು ಹಸಿವಿಗೆ ದೂಡುವವನಿಗೆ. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲಾರನು. ಸಂಕಲ್ಪೀ ಹಿಂಸೆಯನ್ನು ತೊರೆಯಲೇಬೇಕು. ವಿಷ ಬೆರೆಸಿದ ಕಾಳನ್ನಿಡುವುದು, ಗುರಿಯಿಟ್ಟು ಕವಣೆ ಬೀಸುವುದು ಸಂಕಲ್ಪೀ ಹಿಂಸೆಯೇ. ಮುದ್ದಿಗೆಂದು ಗಿಳಿಯನ್ನು ಪಂಜರದಲ್ಲಿಟ್ಟು ರೆಕ್ಕೆ ಕತ್ತರಿಸುವವನು ಬಂಧ, ಛೇದಗಳೆರಡಕ್ಕೂ ಗುರಿಯಾಗುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರವೂ ಗಿಳಿಯನ್ನು ಹಿಡಿಯುವುದು, ಕೊಲ್ಲುವುದು ಅಪರಾಧ.

ಇನ್ನು ಪೇಟೆಯವರ ಮಾತು. ರೈತನ ಡಬ್ಬದ ಸದ್ದಿಗೆ ನೊಂದುಕೊಳ್ಳುವ ಶ್ರಾವಕನು ಆ ಗಿಳಿಗಳಿಗೆ ಏನು ಕೊಟ್ಟಿದ್ದಾನೆ? ಉಪಕಾರಕ್ಕಾಗಿ ತನ್ನ ವಸ್ತುವನ್ನು ತ್ಯಜಿಸುವುದೇ ದಾನವೆಂದು ಅದೇ ಗ್ರಂಥವು ಹೇಳುತ್ತದೆ. ಇಲ್ಲಿ 'ತನ್ನ' ಎಂಬ ಮಾತು ಮುಖ್ಯ. ಪರರ ಹೊಲದ ತೆನೆಯನ್ನು ತೋರಿಸಿ ಹಕ್ಕಿಗೆ ಊಟ ಬಡಿಸಿದವನಿಗೆ ಪುಣ್ಯ ಬಂದೀತೆ? ನಷ್ಟವು ರೈತನ ಖಾತೆಗೂ ಪುಣ್ಯವು ತನ್ನ ಖಾತೆಗೂ ಸೇರಲೆಂಬುದು ಯಾವ ವ್ಯಾಪಾರಿಯೂ ಒಪ್ಪದ ಲೆಕ್ಕ.

ಆದಕಾರಣ ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಮುಂದಾಗಬೇಕು. ಬಸದಿಯ ಜಮೀನನ್ನು ಗುತ್ತಿಗೆಗೆ ಕೊಟ್ಟಲ್ಲಿ, ಗಿಳಿಗಳಿಂದಾದ ನಷ್ಟವನ್ನು ಕಂಡು ಗುತ್ತಿಗೆಯ ಹಣದಲ್ಲಿ ಕಡಿತ ಮಾಡಬಹುದು. ಹೊಳೆಯುವ ರಿಬ್ಬನ್ನುಗಳನ್ನೂ ಹಣ್ಣಿಗೆ ತೊಡಿಸುವ ಚೀಲಗಳನ್ನೂ ಸಣ್ಣ ರೈತರಿಗೆ ಕೊಡಿಸಬಹುದು. ಬಲೆಯಾದರೆ ಬಿಗಿದು ಕಟ್ಟಿ, ಬೆಳಿಗ್ಗೆ ಸಂಜೆ ನೋಡಿಬರಬೇಕು. ಸಡಿಲ ಬಲೆಗೆ ಸಿಕ್ಕಿ ಸಾಯುವ ಹಕ್ಕಿಯು ಪ್ರಮಾದದ ಹಿಂಸೆಗೆ ಸಾಕ್ಷಿ. ಒಣಗಿದ ತೆಂಗಿನ ಬೊಡ್ಡೆಯನ್ನು ಹಾಗೆಯೇ ಕೊಳೆಯಲು ಬಿಟ್ಟರೆ ಅದು ರೈನೋಸರಸ್ ದುಂಬಿಗೆ ತವರಾಗುತ್ತದೆ, ಕಡಿಯುವುದು ಅಗತ್ಯವೇ. ಆದರೆ ಪೊಟರೆಯಲ್ಲಿ ಮರಿಗಳಿರುವ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲವನ್ನು ಕಳೆದು, ಗೂಡು ಬರಿದಾದುದನ್ನು ಕಂಡ ಬಳಿಕ ಕಡಿಸಿದರೆ ಎರಡೂ ಜೀವಗಳ ಹಿತವುಳಿಯುತ್ತದೆ.

ಮುಂಗಾರಿನ ತೆನೆಗಳು ಕಾಳುಗಟ್ಟುವ ಭಾದ್ರಪದದಲ್ಲಿಯೇ ದಶಲಕ್ಷಣ ಪರ್ವವೂ ಬರುತ್ತದೆ. ಎಂಟನೆಯದಾದ ಉತ್ತಮ ತ್ಯಾಗದ ದಿನ ಪ್ರತಿ ಮನೆಯೂ ಹಕ್ಕಿಗಳಿಗೆಂದು ತೆಗೆದಿರಿಸುವ ಹಣದಲ್ಲಿ ಒಂದು ಭಾಗವನ್ನು, ಆ ಹಕ್ಕಿಗಳಿಗೆ ಕೇಳದೆಯೇ ಉಣಬಡಿಸಿದ ರೈತನಿಗೆ ತಲುಪಿಸಲಿ. ಗಿಳಿಗೂ ರೈತನಿಗೂ ಅದು ಸಲ್ಲಬೇಕಾದ ಪಾಲು.