ಕರೆಕ್ಟ್ ಮತ್ತು ಫೇರ್: ಲೆಕ್ಕಪತ್ರದಲ್ಲಿ ಸತ್ಯಾಣುವ್ರತ

ಇಂಗ್ಲಿಷಿನ 'ಕರೆಕ್ಟ್' ಮತ್ತು 'ಫೇರ್' ಎಂಬ ವಿಶೇಷಣಗಳು ಲೆಕ್ಕಪತ್ರದ ವಿಷಯದಲ್ಲಿ ಸಮಾನಾರ್ಥಕಗಳಂತೆ ತೋರುತ್ತವೆ. ಆದರೆ ಶಾಸನವು ಅವುಗಳನ್ನು ಒಂದೆಂದು ಬಗೆದಿಲ್ಲ. ಭಾರತದ 1913ರ ಕಂಪನಿ ಕಾಯಿದೆಯು ಅಢಾವೆ ಪತ್ರಿಕೆಯ ಚಿತ್ರಣವು 'ಟ್ರೂ ಅಂಡ್ ಕರೆಕ್ಟ್' ಆಗಿರಬೇಕೆಂದಿತು. 1956ರ ಕಾಯಿದೆಯು 'ಟ್ರೂ ಅಂಡ್ ಫೇರ್' ಎಂದಿತು. 2013ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು. ಒಂದು ಪದದ ಈ ಬದಲಾವಣೆಯಲ್ಲಿ ಅಡಗಿರುವ ಧರ್ಮಸೂಕ್ಷ್ಮವೇನು?

'ಕರೆಕ್ಟ್' ಎಂಬುದು ಅಂಕಿಯ ಗುಣ. ಕೂಡಿಕೆ ಸರಿಯಾಗಿದ್ದು ರಸೀದಿಗೆ ತಾಳೆಯಾದರೆ ಅದು ಸಿದ್ಧಿಸುತ್ತದೆ. 'ಫೇರ್' ಎಂಬುದು ಅಂಕಿಯನ್ನು ಓದಿದವನ ಮನಸ್ಸಿನಲ್ಲಿ ಮೂಡುವ ಚಿತ್ರದ ಗುಣ. ಬರಬೇಕಾದ ಬಾಕಿಯಲ್ಲಿ ಮುಳುಗುವುದೆಷ್ಟೆಂದು ಪೈಸೆಯವರೆಗೆ ಕರೆಕ್ಟಾಗಿ ಯಾರೂ ಹೇಳಲಾರರು. ಫೇರ್ ಆಗಿ ಅಂದಾಜಿಸಬಲ್ಲರು. ಅಂತೆಯೇ ಪ್ರತಿಯೊಂದು ಅಂಕಿಯೂ ಕರೆಕ್ಟಾಗಿದ್ದು ಒಟ್ಟು ಚಿತ್ರವು ವಂಚನೆಯಾಗಿರುವುದೂ ಸಾಧ್ಯ.

ಇಂಗ್ಲೆಂಡಿನ ರಾಯಲ್ ಮೇಲ್ ಹಡಗು ಕಂಪನಿಯ ಪ್ರಕರಣ ಇದಕ್ಕೆ ನಿದರ್ಶನ. 1928ರಲ್ಲಿ ಸಾಲಪತ್ರಗಳನ್ನು ಮಾರಲು ಹೊರಡಿಸಿದ ವಿವರಣ ಪತ್ರಿಕೆಯಲ್ಲಿ ಹಿಂದಿನ ವರ್ಷಗಳಲ್ಲಿ ಹಂಚಿದ ಲಾಭಾಂಶವನ್ನು ತಪ್ಪಿಲ್ಲದೆ ನಮೂದಿಸಲಾಗಿತ್ತು. ಆ ಅವಧಿಯಲ್ಲಿ ವ್ಯಾಪಾರವು ನಷ್ಟದಲ್ಲಿತ್ತು, ಲಾಭಾಂಶವು ಹಳೆಯ ಗಂಟಿನಿಂದ ಬಂದಿತ್ತು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಧ್ಯಕ್ಷ ಲಾರ್ಡ್ ಕಿಲ್‌ಸ್ಯಾಂಟ್‌ಗೆ 1931ರಲ್ಲಿ ಹನ್ನೆರಡು ತಿಂಗಳ ಸೆರೆವಾಸವಾಯಿತು. ಸುಳ್ಳಿನ ಒಂದು ವಾಕ್ಯವೂ ಇಲ್ಲದ ಸುಳ್ಳಿಗೆ ಶಿಕ್ಷೆಯಾಯಿತು.

ಜೈನ ಆಚಾರ್ಯರಿಗೆ ಈ ಭೇದ ಹೊಸತಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ. ಕೂಟಲೇಖದಲ್ಲಿ ಬರಹವೇ ಸುಳ್ಳು. ಅದು ಕರೆಕ್ಟ್ ಅಲ್ಲ. ನ್ಯಾಸಾಪಹಾರದ ಬಗೆ ಬೇರೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ 'ಹಾಗೆಯೇ ಆಗಲಿ' ಎಂದು ಅಷ್ಟನ್ನೇ ಕೊಟ್ಟು ಕಳುಹಿಸುವುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನ್ಯಾಸಾಪಹಾರವೆಂದು ವಿವರಿಸಿದ್ದಾರೆ. ಕೇಳಿದ್ದನ್ನು ಕೊಟ್ಟದ್ದು ಕರೆಕ್ಟ್. ಆದರೆ ಫೇರ್ ಅಲ್ಲ. ಇದನ್ನು ಕಳವಿನ ಸಾಲಿಗಲ್ಲದೆ ಸತ್ಯವ್ರತದ ದೋಷಕ್ಕೆ ಸೇರಿಸಿರುವುದು ಗಮನಾರ್ಹ.

ಬಸದಿಗಳ ಟ್ರಸ್ಟುಗಳಿಗೆ ಈ ವಿಚಾರ ಹೊರಗಿನದಲ್ಲ. ನಿತ್ಯಾಭಿಷೇಕಕ್ಕೆಂದು ಬಂದ ನಿಧಿಯನ್ನು ಕಟ್ಟಡಕ್ಕೆ ತೊಡಗಿಸಿ, ಒಟ್ಟು ಜಮಾ ಇಷ್ಟು, ಒಟ್ಟು ಖರ್ಚು ಇಷ್ಟು ಎಂದು ಎರಡೇ ಸಾಲು ಬರೆದರೆ ಕೂಡಿಕೆಯಲ್ಲಿ ದೋಷವಿರದು. ದಾನಿಯು ಗತಿಸಿರಬಹುದು, ಕೇಳುವವರೇ ಇಲ್ಲದಿರಬಹುದು. ಮರೆತ ಒತ್ತೆದಾರನ ಸ್ಥಾನದಲ್ಲಿ ಆಗ ನಿಲ್ಲುವವನು ಆ ದಾನಿಯೇ. ಆದ್ದರಿಂದ ಲೆಕ್ಕಕ್ಕೆ ಸಹಿ ಮಾಡುವ ಶ್ರಾವಕನು 'ಅಂಕಿ ಸರಿಯಿದೆಯೇ?' ಎಂಬಲ್ಲಿಗೇ ನಿಲ್ಲದೆ, 'ದಾನಿಯು ಇದನ್ನು ಓದಿದರೆ ನಡೆದುದನ್ನು ನಡೆದಂತೆ ಅರಿತಾನೆಯೇ?' ಎಂದೂ ತನ್ನನ್ನು ಕೇಳಿಕೊಳ್ಳಬೇಕು. ಮೊದಲ ಪ್ರಶ್ನೆಗೆ ಲೆಕ್ಕಪರಿಶೋಧಕನು ಉತ್ತರಿಸಿಯಾನು; ಎರಡನೆಯದಕ್ಕೆ ವ್ರತ ಹೊತ್ತವನೇ ಉತ್ತರಿಸಬೇಕು.